ಚಿಕ್ಕ ನಳಿಗೆಯ ರಿವಾಲ್ವರ್‌ಗೆ ಯಾವ ತೋಟಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಗಂಗಾವತಿ, ಅಕ್ಕಿ ಗಿರಣಿ ಮನೆ. ಸುಗ್ಗಿ ಸಮಯದಲ್ಲಿ ಗಿರಣಿಯಿಂದ ಬ್ಯಾಂಕಿಗೆ ರೊಕ್ಕ ಒಯ್ಯಬೇಕಾಗಿದ್ದ ಕಾಲದಿಂದ ಅಪ್ಪನ ಹತ್ತಿರ ಒಂದು ಲೈಸೆನ್ಸ್ ರಿವಾಲ್ವರ್ ಇತ್ತು. ಈಗ ಅದು ನನ್ನ ಹೆಸರಿನಲ್ಲಿದೆ. ಕೊಪ್ಪಳ, ಸಿಂಧನೂರು, ಸಿರುಗುಪ್ಪ ಕಡೆಯ ಪರಿಚಯದವರು ಲೈಸೆನ್ಸ್ ಸಿಕ್ಕ ಕೂಡಲೇ ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು. ಎಲ್ಲರೂ ಮೊಬೈಲಿನಲ್ಲಿ ಅಮೆರಿಕದವರ ವಿಡಿಯೊ ನೋಡಿರುತ್ತಾರೆ. ಅಲ್ಲಿ ಅಂಗಡಿಗೆ ಹೋದರೆ ಇಪ್ಪತ್ತು ತರಹದ ತೋಟಾ ಸಿಗುತ್ತವೆ, ಇಲ್ಲಿ ಹಾಗಿಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಚಿಕ್ಕ ರಿವಾಲ್ವರ್‌ಗೆ ಎಲ್ಲಕ್ಕಿಂತ ಒಳ್ಳೆ ತೋಟಾ ಯಾವುದು?

ನಮ್ಮ ಕಡೆ ಸಾಮಾನ್ಯ ಲೈಸೆನ್ಸ್ ಇರುವವರಿಗೆ ಉತ್ತರ ಒಂದೇ: .32 ಎಸ್ ಅಂಡ್ ಡಬ್ಲ್ಯೂ ಲಾಂಗ್ (.32 ಅನ್ನುವುದು ಇಂಚಿನಲ್ಲಿ ಗುಂಡಿನ ದಪ್ಪದ ಅಂದಾಜು, ಎಸ್ ಅಂಡ್ ಡಬ್ಲ್ಯೂ ಅಂದರೆ ಸ್ಮಿತ್ ಅಂಡ್ ವೆಸ್ಸನ್ ಕಂಪನಿ). ಇದನ್ನು ನಾವು ಆರಿಸಿದ್ದಲ್ಲ, ಕಾನೂನು ಆರಿಸಿಕೊಟ್ಟದ್ದು. ಆದರೆ ಎರಡು ಮೂರು ಇಂಚಿನ ನಳಿಗೆಗೆ ಇದು ನಿಜಕ್ಕೂ ಚೆನ್ನಾಗಿ ಹೊಂದುವ ತೋಟಾ. ವಿಡಿಯೊ ನೋಡಿ "ನಮಗೆ ಸಿಕ್ಕಿದ್ದು ಸಪ್ಪೆ ಮಾಲು" ಅಂತ ಬೇಜಾರು ಮಾಡಿಕೊಳ್ಳುವವರಿಗೆ ಇದನ್ನೇ ಹೇಳಿ ಹೇಳಿ ನನಗೆ ಸಾಕಾಗಿದೆ. ತೋಟಾ ಕಂಪನಿಗಳ ಕೋಷ್ಟಕದಲ್ಲಿ ಬರೆದ ವೇಗ ಉದ್ದ ನಳಿಗೆಯದ್ದು. ನಿಮ್ಮ ಕೈಯಲ್ಲಿರುವುದು ಚಿಕ್ಕದು.

ನಳಿಗೆ ಚಿಕ್ಕದಾದರೆ ಏನಾಗುತ್ತದೆ?

ಮದ್ದು ಹೊತ್ತಿದಾಗ ಹುಟ್ಟುವ ಅನಿಲ ಗುಂಡನ್ನು ಹಿಂದಿನಿಂದ ತಳ್ಳುತ್ತದೆ. ಗುಂಡು ನಳಿಗೆಯೊಳಗೆ ಇರುವಷ್ಟು ಹೊತ್ತು ಮಾತ್ರ ಆ ತಳ್ಳುವಿಕೆ. ನಳಿಗೆ ಚಿಕ್ಕದಾದರೆ ಗುಂಡು ಬೇಗ ಹೊರಗೆ ಬೀಳುತ್ತದೆ, ಉಳಿದ ಮದ್ದು ಬಾಯಿಯ ಹತ್ತಿರ ಬೆಂಕಿಯಾಗಿ, ಸದ್ದಾಗಿ ಹೋಗುತ್ತದೆ. ರಿವಾಲ್ವರ್‌ನಲ್ಲಿ ಇನ್ನೊಂದು ಸೋರಿಕೆ ಇದೆ. ಸಿಲಿಂಡರ್‌ಗೂ ನಳಿಗೆಗೂ ನಡುವೆ ಕಾಗದ ತೂರುವಷ್ಟು ಸಂದು ಇರುತ್ತದಲ್ಲ, ಅಲ್ಲಿಂದಲೂ ಅನಿಲ ಹೊರಡುತ್ತದೆ. ಬೆರಳನ್ನು ಸಿಲಿಂಡರಿನ ಮುಂಭಾಗಕ್ಕೆ ತಾಗಿಸಿ ಹಿಡಿಯಬೇಡಿ ಅನ್ನುವುದು ಇದೇ ಕಾರಣಕ್ಕೆ. ಸುಟ್ಟು ಕೊಯ್ಯುತ್ತದೆ.

ಹಾಗಾಗಿ ನಿಧಾನವಾಗಿ ಉರಿಯುವ ಮದ್ದನ್ನು ಜಾಸ್ತಿ ತುಂಬಿದ ಮ್ಯಾಗ್ನಮ್ ತೋಟಾಗಳು ಚಿಕ್ಕ ನಳಿಗೆಯಲ್ಲಿ ಜಾಸ್ತಿ ಕಳೆದುಕೊಳ್ಳುತ್ತವೆ. ಕಡಿಮೆ ಮದ್ದಿನ, ಬೇಗ ಉರಿಯುವ ತೋಟಾಗಳು ಕಡಿಮೆ ಕಳೆದುಕೊಳ್ಳುತ್ತವೆ. .32 ಲಾಂಗ್ ಈ ಎರಡನೇ ಗುಂಪಿನದು.

ಅಂಕಿಗಳಲ್ಲಿ ಹೇಳಿ, ಯಾವುದು ಎಷ್ಟು?

.32 ಲಾಂಗ್: ಗುಂಡಿನ ತೂಕ 98 ಗ್ರೇನ್, ಅಂದರೆ ಸುಮಾರು 6.4 ಗ್ರಾಂ. ನಾಲ್ಕು ಇಂಚಿನ ನಳಿಗೆಯಿಂದ ಸೆಕೆಂಡಿಗೆ ಸುಮಾರು 215 ಮೀಟರ್ ವೇಗ, ಶಕ್ತಿ ಹೆಚ್ಚುಕಡಿಮೆ 150 ಜೂಲ್. ಮೂರು ಇಂಚಿಗೆ ಇಳಿದರೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

.38 ಸ್ಪೆಷಲ್: 158 ಗ್ರೇನ್ ಗುಂಡು, ಸುಮಾರು 10.2 ಗ್ರಾಂ. ನಾಲ್ಕು ಇಂಚಿನಿಂದ 230 ಮೀಟರ್, ಶಕ್ತಿ 270 ಜೂಲ್ ಆಸುಪಾಸು. .357 ಮ್ಯಾಗ್ನಮ್ ಅದೇ ತೂಕದ ಗುಂಡನ್ನು ನಾಲ್ಕು ಇಂಚಿನಿಂದ 375 ಮೀಟರ್ ವೇಗದಲ್ಲಿ ಕಳಿಸುತ್ತದೆ, ಎರಡು ಇಂಚಿಗೆ ಬಂದರೆ ಸುಮಾರು 310ಕ್ಕೆ ಕುಸಿಯುತ್ತದೆ. ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಬೀಳುತ್ತದೆ, ಆದ್ದರಿಂದ ಮೂರನೇ ಒಂದು ಪಾಲು ಹೋಯಿತು ಅಂತ ತಿಳಿಯಿರಿ. ಹೋದದ್ದು ಎಲ್ಲಿಗೆ? ಕಣ್ಣು ಕುಕ್ಕುವ ಬೆಂಕಿ, ಕಿವಿ ಹರಿಯುವ ಸದ್ದು. ಒದೆತ ಮಾತ್ರ ಅಷ್ಟಾಗಿ ಕಡಿಮೆಯಾಗುವುದಿಲ್ಲ, ಹಗುರ ರಿವಾಲ್ವರ್ ಆದರೆ ಅಂಗೈಗೆ ಬಡಿದ ಹಾಗೆ ಇರುತ್ತದೆ.

ಹಾಗಾದರೆ .38 ಒಳ್ಳೆಯದಲ್ವಾ? ನಮಗೆ ಯಾಕೆ ಸಿಗಲ್ಲ?

ಚಿಕ್ಕ ನಳಿಗೆಯ ರಿವಾಲ್ವರ್‌ಗಳಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿ ಇರುವುದು .38 ಸ್ಪೆಷಲ್, ಅದು ನಿಜ. 1898ರ ತೋಟಾ ಅದು, ಇವತ್ತಿಗೂ ನಡೆಯುತ್ತಿದೆ. ಆದರೆ ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮದಲ್ಲಿ ಪೊಲೀಸರು, ಸೈನ್ಯದವರು ಬಳಸುತ್ತಿದ್ದ ತೋಟಾಗಳು ಹಿಡಿಯುವ ಪಿಸ್ತೂಲು, ರಿವಾಲ್ವರ್‌ಗಳೆಲ್ಲ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). ಬ್ರಿಟಿಷರ .380, .455, ಆಮೇಲೆ 9 ಎಂಎಂ, .45 ಎಲ್ಲ ಅದರಲ್ಲಿ ಬರುತ್ತವೆ. ನಿಷೇಧಿತ ಬೋರ್ ಲೈಸೆನ್ಸ್ ಕೊಡುವುದು ದಿಲ್ಲಿಯ ಗೃಹ ಸಚಿವಾಲಯ, ಅದೂ ಜೀವಕ್ಕೆ ಗಂಭೀರ ಬೆದರಿಕೆ ಇದ್ದವರಿಗೆ. ನಮ್ಮ ಜಿಲ್ಲಾಧಿಕಾರಿಗಳು ಕೊಡುವ ಲೈಸೆನ್ಸ್‌ನಲ್ಲಿ .38 ಬರುವುದಿಲ್ಲ.

ಯಾರೋ "ಒಂದು ಹಳೇ .38 ಇದೆ, ಕಡಿಮೆ ರೇಟಿಗೆ ಕೊಡ್ತೀನಿ" ಅಂದರೆ ಆ ಮಾತನ್ನು ಅಲ್ಲೇ ಮುಗಿಸಿ. 2019ರ ತಿದ್ದುಪಡಿ ಆದ ಮೇಲೆ ನಿಷೇಧಿತ ಆಯುಧ ಇಟ್ಟುಕೊಂಡರೆ ಕನಿಷ್ಠ ಏಳು ವರ್ಷ ಜೈಲು, ಹದಿನಾಲ್ಕರವರೆಗೂ ಹೋಗಬಹುದು.

.32 ಅಂದರೆ .32 ತಾನೇ? ಪಿಸ್ತೂಲಿನ ತೋಟಾ ನನ್ನ ರಿವಾಲ್ವರ್‌ಗೆ ಹಾಕಬಹುದಾ?

ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನೇ ಓದಿ.

ನಮ್ಮಲ್ಲಿ ಲೈಸೆನ್ಸ್ ಪುಸ್ತಕದಲ್ಲಿ, ಮಾತಿನಲ್ಲಿ ಎಲ್ಲ ಕಡೆ ಬರೀ ".32" ಅಂತಿರುತ್ತದೆ. ಆದರೆ ಇವು ಎರಡು ಬೇರೆ ತೋಟಾ. ರಿವಾಲ್ವರ್‌ನದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್, 1896ರಲ್ಲಿ ಬಂದದ್ದು. ಪಿಸ್ತೂಲಿನದು .32 ಎಸಿಪಿ, ಜಾನ್ ಬ್ರೌನಿಂಗ್ ರೂಪಿಸಿದ್ದು, 1899ರದ್ದು. ಡಬ್ಬಿಯ ಮೇಲೆ 7.65x17 ಎಂಎಂ ಅಂತ ಇದ್ದರೆ ಅದು ಪಿಸ್ತೂಲಿನದೇ, ರಿವಾಲ್ವರ್‌ನದು 7.65x23.

ನಮ್ಮ ಪರಿಚಯದ ಹತ್ತಿ ವ್ಯಾಪಾರಿ ಒಬ್ಬರು, ರಾಯಚೂರಿನವರು, ಹೊಸ ರಿವಾಲ್ವರ್ ಜೊತೆ ಒಂದು ಡಬ್ಬಿ ತೋಟಾ ತಂದಿದ್ದರು. ಡಬ್ಬಿ ತೆಗೆದು ಒಂದನ್ನು ಅಂಗೈ ಮೇಲೆ ಇಟ್ಟರು. ನನ್ನದೊಂದನ್ನು ಪಕ್ಕದಲ್ಲಿ ಇಟ್ಟೆ. ನನ್ನದು ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ತಳದ ಅಂಚು ನಾಣ್ಯದ ಅಂಚಿನ ಹಾಗೆ ಹೊರಗೆ ಚಾಚಿದೆ. ಅವರದು ಗಿಡ್ಡ, ತಳದ ಅಂಚು ಉಗುರಿಗೆ ಸಿಕ್ಕೂ ಸಿಗದ ಹಾಗೆ ಇದೆ, ಅದರ ಮೇಲ್ಗಡೆ ಸುತ್ತ ಒಂದು ತೋಡು ಕೊರೆದಿದೆ. ತುದಿಯ ಗುಂಡು ತಾಮ್ರದ ಬಣ್ಣದ ಹೊದಿಕೆಯದ್ದು. ಗಿರಣಿಯ ಮಿಸ್ತ್ರಿ ಅಳತೆ ಮಾಡಿದ: ಒಂದು 32 ಮಿಲಿಮೀಟರ್ ಚಿಲ್ಲರೆ, ಇನ್ನೊಂದು 25. "ಸಾವ್ಕಾರ್ರ, ಇದು ಪಿಸ್ತೂಲಿಂದು ಐತ್ರಿ" ಅಂದ. ಅಂಗಡಿಯವರೂ ನೋಡಿರಲಿಲ್ಲ, ಕೊಂಡವರೂ ನೋಡಿರಲಿಲ್ಲ.

ಭಯ ಏನು ಅಂದರೆ, ಅದು ಒಳಗೆ ಹೋಗಿ ಕೂರುತ್ತದೆ. ಹೋಗದಿದ್ದರೆ ಪ್ರಶ್ನೆಯೇ ಇರಲಿಲ್ಲ. ಎರಡರ ಕೊಳವೆಯ ದಪ್ಪ ಒಂದೇ. ಆದರೆ .32 ಲಾಂಗ್‌ಗೆ ನಿಗದಿ ಮಾಡಿದ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್, ಎಸಿಪಿಗೆ 20,500. ಹಳೆ ಕಾಲದ, ನಡುವೆ ಮಡಚಿ ತೆರೆಯುವ ರಿವಾಲ್ವರ್‌ನ ಕೊಂಡಿ ಆ ಒತ್ತಡಕ್ಕೆ ಮಾಡಿದ್ದಲ್ಲ. ಒಂದೆರಡು ಸಲ ಏನೂ ಆಗದೇ ಇರಬಹುದು. ಕೊಂಡಿ ಸಡಿಲ ಆಗುತ್ತಾ ಹೋಗುವುದು ಕಣ್ಣಿಗೆ ಕಾಣುವುದಿಲ್ಲ. ಇನ್ನೊಂದು, ಎಸಿಪಿಯ ಅಂಚು ಚಿಕ್ಕದು, ಖಾಲಿ ಕೊಳವೆ ಹೊರತಳ್ಳುವ ನಕ್ಷತ್ರದಂಥ ಭಾಗದ ಕೆಳಗೆ ಅದು ಜಾರಿ ಸಿಕ್ಕಿಕೊಳ್ಳಬಹುದು. ಆಗ ರಿವಾಲ್ವರ್ ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ.

ಅಂಗಡಿಯಲ್ಲೇ ಡಬ್ಬಿ ತೆರೆಸಿ, ಒಂದನ್ನು ಕೈಗೆ ತೆಗೆದುಕೊಂಡು ನೋಡಿ. ನಾಚಿಕೆ ಪಡಬೇಡಿ.

.32 ಶಾರ್ಟ್, .32 ಮ್ಯಾಗ್ನಮ್ ಅಂತ ಕೇಳಿದ್ದೇನೆ, ಅವು ಏನು?

ಒಂದೇ ವಂಶದ ಅಣ್ಣತಮ್ಮಂದಿರು. ಮೊದಲು 1878ರಲ್ಲಿ .32 ಎಸ್ ಅಂಡ್ ಡಬ್ಲ್ಯೂ ಬಂತು, ಗಿಡ್ಡ. ಅದನ್ನು ಉದ್ದ ಮಾಡಿ 1896ರಲ್ಲಿ ಲಾಂಗ್. ಇನ್ನೂ ಉದ್ದ ಮಾಡಿ 1984ರಲ್ಲಿ .32 ಎಚ್ ಅಂಡ್ ಆರ್ ಮ್ಯಾಗ್ನಮ್. ಅದರ ಮೇಲೆ .327 ಫೆಡರಲ್ ಮ್ಯಾಗ್ನಮ್, ಒತ್ತಡ 45,000 ಪೌಂಡ್, ಅಂದರೆ ಲಾಂಗ್‌ನ ಮೂರು ಪಟ್ಟು. ದೊಡ್ಡದಕ್ಕೆ ಮಾಡಿದ ರಿವಾಲ್ವರ್‌ನಲ್ಲಿ ಚಿಕ್ಕದು ನಡೆಯುತ್ತದೆ, ಚಿಕ್ಕದಕ್ಕೆ ಮಾಡಿದ್ದರಲ್ಲಿ ದೊಡ್ಡದು ಯಾವತ್ತೂ ಬೇಡ. ಈ ವಂಶದಲ್ಲಿ ಇಲ್ಲಿನ ಅಂಗಡಿಗಳಲ್ಲಿ ನೀವು ನೋಡುವುದು ಲಾಂಗ್ ಮಾತ್ರ, ಆದ್ದರಿಂದ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

.32 ದುರ್ಬಲ, ಅದರಿಂದ ಏನೂ ಆಗಲ್ಲ ಅಂತಾರಲ್ಲ?

ದುರ್ಬಲ ಅನ್ನುವುದು .38, .357 ಪಕ್ಕದಲ್ಲಿ ಇಟ್ಟಾಗ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ "ಏನೂ ಆಗಲ್ಲ" ಅನ್ನುವುದು ತಪ್ಪು, ಅಪಾಯಕಾರಿ ತಪ್ಪು. ಹಾಗೆ ನಂಬಿದವರೇ ತುಂಬಿದ ರಿವಾಲ್ವರ್ ಜೊತೆ ಸಲಿಗೆ ತೋರಿಸುವುದು. 1896ರ ಹೊತ್ತಿಗೆ ಥಿಯೋಡರ್ ರೂಸ್‌ವೆಲ್ಟ್ ನ್ಯೂಯಾರ್ಕ್ ಪೊಲೀಸ್ ಮಂಡಳಿಯ ಮುಖ್ಯಸ್ಥರಾಗಿದ್ದಾಗ ತಮ್ಮ ಪೊಲೀಸರಿಗೆ ಆರಿಸಿದ್ದು .32ರ ಕೋಲ್ಟ್ ರಿವಾಲ್ವರ್. ಹೊಸಬರಿಗೂ ಗುರಿ ಸಿಗಬೇಕು ಅನ್ನುವುದು ಆ ಕಾಲದಲ್ಲಿ ದೊಡ್ಡ ವಿಷಯವಾಗಿತ್ತು.

ಗುರಿಯ ವಿಷಯಕ್ಕೆ ಬಂದರೆ ಈ ತೋಟಾಕ್ಕೆ ಬೇರೆಯದೇ ಮರ್ಯಾದೆ ಇದೆ. 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಜಗತ್ತಿನ ಎಷ್ಟೋ ಶೂಟರ್‌ಗಳು ಇವತ್ತಿಗೂ ಚಪ್ಪಟೆ ಮೂತಿಯ ಗುಂಡಿನ .32 ಲಾಂಗ್ ಬಳಸುತ್ತಾರೆ. ಒದೆತ ಕಡಿಮೆ, ಎರಡನೇ ಗುಂಡಿಗೆ ಕೈ ಬೇಗ ಜಾಗಕ್ಕೆ ಬರುತ್ತದೆ. ಇದೇ ಸ್ಪರ್ಧೆಯಲ್ಲಿ ನಮ್ಮ ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದರು.

ಚಿಕ್ಕ ನಳಿಗೆಯಲ್ಲಿ ಮುಂದಿನ ಗುರಿಮಣಿಗೂ ಹಿಂದಿನ ಕೊರೆತಕ್ಕೂ ನಡುವಿನ ಅಂತರ ಕಡಿಮೆ. ಕೈ ಕೂದಲಿನಷ್ಟು ಅಲುಗಿದರೂ ಗುಂಡು ಗೇಣು ಆಚೆ ಹೋಗುತ್ತದೆ. ಅಂಥ ರಿವಾಲ್ವರ್‌ಗೆ ಒದೆಯುವ ತೋಟಾ ಹಾಕಿದರೆ ಮೊದಲನೆಯದು ಗೋಡೆಗೆ, ಎರಡನೆಯದು ಸೂರಿಗೆ. ನಮ್ಮ ಓಣಿಗಳಲ್ಲಿ ಗೋಡೆಯ ಆಚೆ ಯಾರದೋ ಮನೆ ಇರುತ್ತದೆ, ಅಲ್ವಾ?

.22 ಸಾಕಾಗುತ್ತಾ? ಹಗುರ ಇದೆ, ಒದೆತವೂ ಇಲ್ಲ ಅಂತಾರೆ.

ಇಷಾಪುರದ ರೈಫಲ್ ಕಾರ್ಖಾನೆ ಮಾಡಿದ ನಿಡರ್ ರಿವಾಲ್ವರ್ .22ರದ್ದು, ಎಂಟು ತೋಟಾ ಹಿಡಿಯುತ್ತದೆ, ತೂಕ ಕಾಲು ಕಿಲೋ ಅಷ್ಟೇ. ವಯಸ್ಸಾದವರಿಗೆ, ಮಣಿಕಟ್ಟಿನಲ್ಲಿ ಶಕ್ತಿ ಇಲ್ಲದವರಿಗೆ ಆಕರ್ಷಣೆ ಇದೆ. .22 ಎಲ್‌ಆರ್ ರೈಫಲ್‌ಗೆಂದು ಹುಟ್ಟಿದ ತೋಟಾ, ಚಿಕ್ಕ ನಳಿಗೆಯಲ್ಲಿ ವೇಗ ತುಂಬಾ ಬೀಳುತ್ತದೆ. ನನಗೆ ಅದಕ್ಕಿಂತ ದೊಡ್ಡ ತಕರಾರು ಬೇರೆ. ಇದರಲ್ಲಿ ಕಿಡಿ ಹಚ್ಚುವ ಮದ್ದು ಪ್ರತ್ಯೇಕ ಕೇಪಿನಲ್ಲಿ ಇರುವುದಿಲ್ಲ, ತಳದ ಅಂಚಿನ ಸುತ್ತ ಒಳಗೆ ಹರಡಿರುತ್ತದೆ. ಒಂದು ಕಡೆ ತೆಳ್ಳಗಾಗಿದ್ದರೆ, ಸೂಜಿ ಅಲ್ಲೇ ಬಡಿದರೆ, ಹೊತ್ತುವುದಿಲ್ಲ. ನಡುವೆ ಕೇಪು ಇರುವ .32ರಷ್ಟು ಭರವಸೆ ಇದರ ಮೇಲೆ ಇಡಲು ಆಗುವುದಿಲ್ಲ. ಅಭ್ಯಾಸಕ್ಕೆ .22ರಂಥದು ಇನ್ನೊಂದಿಲ್ಲ. ಮನೆ ಕಾಯಲು ನಾನಂತೂ .32 ಬಿಟ್ಟು ಕೊಡುವುದಿಲ್ಲ.

ನಿರ್ಭೀಕ್, ಪ್ರಬಲ್, ಹಳೇ ಕಾನ್ಪುರದ್ದು: ಯಾವುದರಲ್ಲಿ .32 ಚೆನ್ನಾಗಿ ನಡೆಯುತ್ತೆ?

ಮೂರೂ ಕಾನ್ಪುರದ ಸರ್ಕಾರಿ ಕಾರ್ಖಾನೆಗಳ ರಿವಾಲ್ವರ್, ಅದೇ ತೋಟಾ ತಿನ್ನುತ್ತವೆ. ವ್ಯತ್ಯಾಸ ತೂಕದಲ್ಲಿ, ತೆರೆಯುವ ರೀತಿಯಲ್ಲಿ. 2014ರಲ್ಲಿ ಬಂದ ನಿರ್ಭೀಕ್ ಟೈಟೇನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ. ಪರ್ಸಿನಲ್ಲಿ ಇಡಬಹುದು, ಆದರೆ ಹಗುರ ಇದ್ದಷ್ಟೂ ಒದೆತ ಕೈಗೆ ಗೊತ್ತಾಗುತ್ತದೆ. 2023ರ ಆಗಸ್ಟ್‌ನಲ್ಲಿ ಬಂದ ಪ್ರಬಲ್ 700 ಗ್ರಾಂ ಹತ್ತಿರ, ನಳಿಗೆ 76 ಮಿಲಿಮೀಟರ್, ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ನಡುವೆ ಮಡಚುವ ಹಳೆಯದಕ್ಕಿಂತ ಪಕ್ಕಕ್ಕೆ ಹೊರಳುವ ಚೌಕಟ್ಟು ಗಟ್ಟಿ. ಹೊಸದು ಕೊಳ್ಳುವವರಿಗೆ ನಾನು ತೂಕ ಇರುವುದನ್ನೇ ಹೇಳುತ್ತೇನೆ. ಖಾಲಿ ರಿವಾಲ್ವರ್ ಹಿಡಿದು ಟ್ರಿಗರ್ ಎಳೆದು ನೋಡಿ. ಎಳೆಯುವಾಗ ಮೂತಿ ಓಲಾಡಿದರೆ ಅದು ನಿಮ್ಮ ಕೈಗೆ ಅಲ್ಲ.

ನಮ್ಮ ಕಡೆ ಬಿಸಿಲಿಗೆ ತೋಟಾ ಕೆಡುತ್ತಾ? ಎಷ್ಟು ವರ್ಷ ಇಡಬಹುದು?

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 42, 43 ದಾಟುವುದು ನಮಗೆ ಹೊಸದಲ್ಲ. ಆ ಬಿಸಿಗೆ ತೋಟಾ ತಾನಾಗಿ ಸಿಡಿಯುವುದಿಲ್ಲ, ಹೆದರಬೇಡಿ. ಆದರೆ ತಗಡಿನ ಸೂರಿನ ಕೋಣೆಯಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ವರ್ಷಗಟ್ಟಲೆ ಬೆಂದರೆ ಒಳಗಿನ ಮದ್ದು ಹಾಳಾಗುತ್ತದೆ. ತಂಪಾದ, ಒಣ ಜಾಗದಲ್ಲಿ ಇಟ್ಟ ಕಾರ್ಖಾನೆಯ ತೋಟಾ ಹತ್ತಾರು ವರ್ಷ ಬಾಳುತ್ತದೆ.

ಬಿಸಿಲಿಗಿಂತ ಕೆಟ್ಟದ್ದು ಚರ್ಮದ ಪಟ್ಟಿ. ಸಿಂಧನೂರಿನ ನಮ್ಮ ಕಾಕಾ ಹನ್ನೆರಡು ವರ್ಷ ತೋಟಾಗಳನ್ನು ಚರ್ಮದ ಪಟ್ಟಿಯ ಕುಣಿಕೆಗಳಲ್ಲೇ ಸಿಕ್ಕಿಸಿ ಇಟ್ಟಿದ್ದರು. ನೋಡಲು ಚೆಂದ. ಚರ್ಮ ಹದ ಮಾಡಲು ಬಳಸಿದ ರಾಸಾಯನಿಕ, ಅದಕ್ಕೆ ಸೇರಿದ ಬೆವರು, ಎರಡೂ ಹಿತ್ತಾಳೆಯನ್ನು ತಿನ್ನುತ್ತವೆ. ಎಳೆದು ತೆಗೆದಾಗ ಒಂದೊಂದರ ಸೊಂಟಕ್ಕೂ ಹಸಿರು ಕಿಲುಬು, ಹುಣಸೆಹಣ್ಣು ಕಾಣದ ದೇವರ ಮನೆಯ ಗಿಂಡಿಯ ಹಾಗೆ. ಉಜ್ಜಿದರೆ ಕೆಳಗೆ ಗುಳಿ ಬಿದ್ದಿತ್ತು. ತರಬೇತಿ ಮೈದಾನದಲ್ಲಿ ಅದೇ ಪಟ್ಟಿಯ ಆರು ತೋಟಾ ಹಾಕಿದರು. ಮೊದಲೆರಡು ಹಾರಿದವು. ಮೂರನೆಯದಕ್ಕೆ ಟಿಕ್ ಅಂತು, ಅಷ್ಟೇ. ಕಾಕಾ ರಿವಾಲ್ವರ್ ತಿರುಗಿಸಿ ಮೂತಿ ನೋಡಲು ಹೊರಟರು. ಪಕ್ಕದಲ್ಲಿದ್ದ ಜಮಾದಾರರು ಅವರ ಮಣಿಕಟ್ಟು ಹಿಡಿದು ಗುರಿಯ ಕಡೆಗೇ ನಿಲ್ಲಿಸಿದರು. ಅವತ್ತು ನನ್ನ ಎದೆ ಬಡಿದುಕೊಂಡದ್ದು ಇನ್ನೂ ನೆನಪಿದೆ.

ಟಿಕ್ ಅಂದು ಹಾರದಿದ್ದರೆ ಮೂತಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ. ತಡವಾಗಿ ಹೊತ್ತುವುದುಂಟು. ಮತ್ತೆ ಟ್ರಿಗರ್ ಎಳೆಯಬೇಡಿ, ಸಿಲಿಂಡರ್ ತಿರುಗಿ ತಡವಾದ ತೋಟಾ ನಳಿಗೆ ಇಲ್ಲದ ಕಡೆ ಸಿಡಿಯಬಹುದು.

ಸದ್ದು ಎಂದಿನಂತೆ ಬರದೆ "ಟುಸ್" ಅಂದರೆ?

ನಿಲ್ಲಿಸಿ. ಕೇಪು ಮಾತ್ರ ಹೊತ್ತಿ ಮದ್ದು ಸರಿಯಾಗಿ ಉರಿಯದೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಮೊದಲೇ ಕಡಿಮೆ ಒತ್ತಡದ ತೋಟಾ ಇದು, ಹಳೆಯದಾದರೆ ಹೀಗಾಗಲು ಇನ್ನೂ ಸುಲಭ. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಖಾಲಿ ಮಾಡಿ, ನಳಿಗೆಯಲ್ಲಿ ಬೆಳಕು ಕಾಣುತ್ತದಾ ನೋಡಿ. ಕಾಣದಿದ್ದರೆ ಕಡ್ಡಿ ಹಾಕಿ ಕುಟ್ಟಬೇಡಿ, ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಹೋಗಿ.

ಖಾಲಿ ಕೊಳವೆಗೆ ಮನೆಯಲ್ಲೇ ಮದ್ದು ತುಂಬಿಸಿಕೊಳ್ಳಬಹುದಾ? ಗುಂಡಿನ ಮೂತಿ ಕೊರೆದರೆ ಜೋರಾಗುತ್ತಂತೆ?

ಎರಡೂ ಬೇಡ. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಮೂತಿ ಕೊರೆದ ಗುಂಡು ಇಷ್ಟು ಕಡಿಮೆ ವೇಗದಲ್ಲಿ ಅರಳುವುದೂ ಇಲ್ಲ, ಗುರಿ ಮಾತ್ರ ಹಾಳು.

ನಮ್ಮ ಹೊಲದ ಗುಡ್ಡದಲ್ಲಿ ಕರಡಿ, ಚಿರತೆ ಬರುತ್ತವೆ. .32 ಇಟ್ಟುಕೊಂಡರೆ ಧೈರ್ಯ ಅಲ್ವಾ?

ಆನೆಗುಂದಿ, ಕನಕಗಿರಿ ಕಡೆಯವರು ಇದನ್ನು ಕೇಳಿಯೇ ಕೇಳುತ್ತಾರೆ. ಭಯ ಸುಳ್ಳಲ್ಲ, ದರೋಜಿ ಕರಡಿಧಾಮ ಇಲ್ಲಿಂದ ದೂರ ಇಲ್ಲ. ಆದರೆ ಕರಡಿಯ ದಪ್ಪ ಕೂದಲು, ಚರ್ಮ, ಮೂಳೆಗೆ .32 ಏನೂ ಅಲ್ಲ. ಗಾಯವಾದ ಕರಡಿ ಇನ್ನೂ ಕೆರಳುತ್ತದೆ. ಕರಡಿ, ಚಿರತೆ ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಬ್ಯಾಟರಿ ದೀಪ ಹಿಡಿದು, ಸದ್ದು ಮಾಡುತ್ತಾ, ಇಬ್ಬರು ಮೂವರು ಜೊತೆಯಾಗಿ ಹೋಗಿ. ಅರಣ್ಯ ಇಲಾಖೆಗೆ ಹೇಳಿ.

ಅಭ್ಯಾಸ ಎಲ್ಲಿ ಮಾಡುವುದು? ಹೊಲದಲ್ಲಿ ಹಾರಿಸಬಹುದಾ?

ಹೊಲದಲ್ಲಿ ಬೇಡ, ಮದುವೆ ಮೆರವಣಿಗೆಯಲ್ಲಿ ಅಂತೂ ಬೇಡವೇ ಬೇಡ. ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕರಿಗೆ ಬಂದೂಕು ತರಬೇತಿ ಕೊಡುತ್ತದೆ, ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ. ಕಿವಿಗೆ ಮುಚ್ಚಳ ಇಲ್ಲದೆ ಒಂದು ಗುಂಡೂ ಹಾರಿಸಬೇಡಿ, ಚಿಕ್ಕ ನಳಿಗೆಯ ಸದ್ದು ಹೆಚ್ಚು ಚುಚ್ಚುತ್ತದೆ. ಉಳಿದ ದಿನ ಮನೆಯಲ್ಲಿ ಖಾಲಿ ರಿವಾಲ್ವರ್ ಹಿಡಿದು, ಎರಡು ಸಲ ಖಾಲಿ ಅಂತ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಟ್ರಿಗರ್ ಮೆಲ್ಲಗೆ ಎಳೆಯುವುದನ್ನು ರೂಢಿ ಮಾಡಿಕೊಳ್ಳಿ. ನಾನು ವಾರಕ್ಕೆ ಎರಡು ದಿನ ಮಾಡುತ್ತೇನೆ, ಹೆಂಡತಿ ಮಕ್ಕಳು ಮನೆಯಲ್ಲಿ ಇಲ್ಲದಾಗ.

ಹಳೇ ತೋಟಾಗಳನ್ನು ಏನು ಮಾಡಬೇಕು? ಕಾಲುವೆಗೆ ಎಸೆದರೆ ಆಗಲ್ವಾ?

ಆಗಲ್ಲ. ಕೊಂಡ ಪ್ರತಿ ತೋಟಾದ ಲೆಕ್ಕ ನಿಮ್ಮ ಲೈಸೆನ್ಸ್ ಪುಸ್ತಕದಲ್ಲಿದೆ. ತುಂಗಭದ್ರಾ ಕಾಲುವೆಗೆ ಎಸೆದರೆ ನಾಳೆ ನೀರು ನಿಲ್ಲಿಸಿದಾಗ ಮೀನು ಹಿಡಿಯಲು ಇಳಿದ ಹುಡುಗರ ಕೈಗೆ ಸಿಗುತ್ತವೆ. ಠಾಣೆಗೆ ಅಥವಾ ಲೈಸೆನ್ಸ್ ಇರುವ ಅಂಗಡಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ. ಲೈಸೆನ್ಸ್‌ದಾರರು ತೀರಿಕೊಂಡರೆ ಮನೆಯವರು ರಿವಾಲ್ವರನ್ನೂ ಹೀಗೆಯೇ ತಡಮಾಡದೆ ಒಪ್ಪಿಸಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಲು ಅವಕಾಶ ಇದೆ, ನಾನೂ ಹಾಗೇ ಪಡೆದದ್ದು.

ಕಾಕಾ ಅವರ ಪಟ್ಟಿಯಲ್ಲಿ ಉಳಿದದ್ದು ಹದಿನಾಲ್ಕು. ಇಬ್ಬರೂ ಹೋಗಿ ಠಾಣೆಯಲ್ಲಿ ಕೊಟ್ಟೆವು. ರೈಟರ್ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಪುಸ್ತಕ ನೋಡಿ, ಎರಡು ಸಲ ಎಣಿಸಿ ರಸೀದಿ ಬರೆದರು. ಆ ರಸೀದಿ ಈಗ ಲೈಸೆನ್ಸ್ ಪುಸ್ತಕದ ಒಳಗೇ ಇದೆ. ಚರ್ಮದ ಪಟ್ಟಿಯನ್ನು ಕಾಕಾ ಖಾಲಿ ಗೂಟಕ್ಕೆ ತೂಗುಹಾಕಿದ್ದಾರೆ.